ಕಮಲಾಪುರದ ಕನ್ನಡಿ, ಕ್ಯಾಲಿಫೋರ್ನಿಯದ ಜೀನ್ಸು

1973ರಲ್ಲಿ ಅಮೆರಿಕದ ಲೀವೈ ಸ್ಟ್ರಾಸ್ ಕಂಪನಿ ಒಂದು ಸ್ಪರ್ಧೆ ಸಾರಿತು. ನಿಮ್ಮ ಜೀನ್ಸನ್ನು ನೀವೇ ಕೈಯಾರೆ ಸಿಂಗರಿಸಿ, ಫೋಟೊ ತೆಗೆದು ಕಳಿಸಿ, ಮೆಚ್ಚಿಗೆಯಾದರೆ ಬಹುಮಾನ ಎಂಬುದು ಕರೆ. ಸುಮಾರು 2,000 ಮಂದಿ ಕಳಿಸಿದರು. ಒಬ್ಬರು ತೊಡೆಯಿಂದ ಪಾದದವರೆಗೆ ಬೆಟ್ಟ, ಸೂರ್ಯ, ಮಳೆಬಿಲ್ಲು ಕಸೂತಿ ಹಾಕಿದ್ದರೆ, ಇನ್ನೊಬ್ಬರು ಮಣಿ ಪೋಣಿಸಿ ಚಮಕಿ ಹೊಲಿದಿದ್ದರು. ಲಾಸ್ ಏಂಜಲೀಸಿನ ಬಿಲ್ಲಿ ಶೈರ್ ಎಂಬಾತ ಜಾಕೆಟ್ಟಿನ ಮೇಲೆ ಲೋಹದ ಗುಬುಟು ಮೊಳೆಗಳನ್ನೂ ಹರಳುಗಳನ್ನೂ ದಟ್ಟವಾಗಿ ಕೂರಿಸಿ ಬಹುಮಾನ ಪಡೆದ. ಗೆದ್ದ ಉಡುಪುಗಳು ಮ್ಯೂಸಿಯಂಗಳಲ್ಲಿ ಪ್ರದರ್ಶನಗೊಂಡವು. ಬ್ಯಾರನ್ ವೋಲ್ಮನ್ ಎಂಬ ಹೆಸರಾಂತ ಛಾಯಾಗ್ರಾಹಕ 1974ರಲ್ಲಿ ಅವುಗಳ ಚಿತ್ರಸಂಪುಟವನ್ನೇ ತಂದ.

ಅದು ಜೀನ್ಸಿನ ಹುಚ್ಚು ನೆತ್ತಿಗೇರಿದ್ದ ಕಾಲ. ಅಮೆರಿಕನ್ ಮೋಟರ್ಸ್ ಕಂಪನಿ ತನ್ನ 1973ರ ಮಾದರಿಯ ಗ್ರೆಮ್ಲಿನ್ ಕಾರಿಗೂ ಜೀನ್ಸು ತೊಡಿಸಿತು. ಸೀಟಿಗೆ ಕಿತ್ತಳೆ ದಾರದ ಹೊಲಿಗೆ, ತಾಮ್ರದ ರಿವೆಟ್ಟು, ಲೀವೈಸಿನ ಪಟ್ಟಿ ಎಲ್ಲವೂ ಇದ್ದವು. ಕಾರಿನೊಳಗಿನ ಬಟ್ಟೆಗೆ ಬೇಗ ಬೆಂಕಿ ಹತ್ತಬಾರದೆಂಬ ನಿಯಮ ಇದ್ದುದರಿಂದ ಡೆನಿಮ್ಮನ್ನು ಮಾತ್ರ ಬಳಸುವಂತಿರಲಿಲ್ಲ. ನೈಲಾನಿಗೆ ನೀಲಿ ಬಣ್ಣ ಹಾಕಿ ಡೆನಿಮ್ಮಿನ ಹಾಗೆ ಕಾಣುವಂತೆ ಮಾಡಿದರು.

ಈ ಕಥೆಗಳನ್ನು ಓದಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಕ್ಯಾಲಿಫೋರ್ನಿಯ ಅಲ್ಲ, ಕಮಲಾಪುರದ ಬಸ್ ನಿಲ್ದಾಣ. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು, ಕುರಿಕೋಟಾ, ಮಹಾಗಾಂವ ಕ್ರಾಸ್ ದಾಟಿ, ಸುಮಾರು 35 ಕಿ.ಮೀ. ಹೋದರೆ ಸಿಗುವ ಊರದು. ಎರೆನೆಲ ಹಿಂದೆ ಬಿದ್ದು ಕೆಂಪು ಮಣ್ಣು ಶುರುವಾಗುವ ಸೀಮೆ. ಸುತ್ತಲೂ ಲಂಬಾಣಿಗರ ತಾಂಡಾಗಳು. 1973ರಲ್ಲಿ ಆ ನಿಲ್ದಾಣದಲ್ಲಿ ನಿಂತವರಿಗೆ ಅಮೆರಿಕದ ಬಹುಮಾನದ ಉಡುಪುಗಳಲ್ಲಿದ್ದ ಬಹುಪಾಲು ಕೈಚಳಕ ಒಬ್ಬಳೇ ಲಂಬಾಣಿ ಹೆಂಗಸಿನ ಮೈಮೇಲೆ ಕಾಣುತ್ತಿತ್ತು. ಕನ್ನಡಿ ಬಿಲ್ಲೆ, ಕವಡೆ, ಗುಂಡಿ, ಮಣಿ, ನಾಣ್ಯ, ಉಣ್ಣೆಯ ಗೊಂಡೆ, ತೇಪೆಯ ಮೇಲೆ ತೇಪೆ, ಅದರ ಮೇಲೆ ಹೊಲಿಗೆ. ಆಕೆಗೆ ಯಾರೂ ಬಹುಮಾನ ಕೊಡಲಿಲ್ಲ. ಗುಲಬರ್ಗಾ (ಇಂದಿನ ಕಲಬುರಗಿ) ಪೇಟೆಗೆ ಇಳಿದರೆ ಜನ ತಿರುಗಿ ತಿರುಗಿ ನೋಡುತ್ತಿದ್ದರು. ಆ ನೋಟದಲ್ಲಿ ಮೆಚ್ಚುಗೆ ಕಡಿಮೆ ಇತ್ತು.

ಸಿಂಗರಿಸಿದ ಜೀನ್ಸಿನ ಚರಿತ್ರೆಯನ್ನು ಬರೆದವರು ಅದನ್ನು ಹೆಚ್ಚಾಗಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಶುರುಮಾಡಿ ನ್ಯೂಯಾರ್ಕಿನಲ್ಲಿ ಮುಗಿಸುತ್ತಾರೆ. ಅದರ ಒಂದು ಎಳೆ ನಮ್ಮ ತಾಂಡಾಗಳ ಮೂಲಕವೂ ಹಾದುಹೋಗಿದೆ. ಆ ಎಳೆಯನ್ನು ಹಿಡಿದು ಹೇಳುವುದು ನಮ್ಮ ಸೀಮೆಯವರ ಕೆಲಸ.

ಜೀನ್ಸು ಹುಟ್ಟಿದ್ದು ದುಡಿಯುವವರ ಬಟ್ಟೆಯಾಗಿ. ನೆವಾಡಾದ ರೀನೊ ಊರಿನ ದರ್ಜಿ ಜೇಕಬ್ ಡೇವಿಸ್, ಕೂಲಿಯವರ ಪ್ಯಾಂಟಿನ ಜೇಬು ಪದೇಪದೇ ಹರಿಯುವುದನ್ನು ಕಂಡು ಮೂಲೆಗಳಿಗೆ ತಾಮ್ರದ ರಿವೆಟ್ಟು ಬಡಿದ. ಪೇಟೆಂಟಿಗೆ ಬೇಕಾದ ಹಣ ಅವನಲ್ಲಿರಲಿಲ್ಲ. ತಾನು ಬಟ್ಟೆ ಕೊಳ್ಳುತ್ತಿದ್ದ ವರ್ತಕ ಲೀವೈ ಸ್ಟ್ರಾಸನನ್ನು ಜೊತೆಗೆ ಸೇರಿಸಿಕೊಂಡ. 1873ರ ಮೇ 20ರಂದು ಇಬ್ಬರಿಗೂ ಪೇಟೆಂಟ್ ಸಿಕ್ಕಿತು. ಗಣಿಗಾರರು, ದನಗಾಹಿಗಳು, ರೈಲು ಹಳಿ ಹಾಕುವವರು ಅದನ್ನು ತೊಟ್ಟರು. ಡೆನಿಮ್ಮಿನ ನೇಯ್ಗೆಯಲ್ಲೇ ಒಂದು ಗುಟ್ಟಿದೆ. ಹಾಸಿನ ನೂಲಿಗೆ ಮಾತ್ರ ನೀಲಿ, ಹೊಕ್ಕಿನ ನೂಲು ಬಿಳಿ. ಆ ನೀಲಿಯೂ ನೂಲಿನ ತಿರುಳಿಗೆ ಇಳಿಯುವುದಿಲ್ಲ, ಹೊರಮೈಗಷ್ಟೇ ಹತ್ತುತ್ತದೆ. ಹಾಗಾಗಿ ತೊಟ್ಟಂತೆ, ಒಗೆದಂತೆ, ಮಂಡಿ ಊರಿದಲ್ಲಿ, ಜೇಬಿಗೆ ಕೈಹಾಕಿದಲ್ಲಿ ಬಣ್ಣ ಬಿಟ್ಟು ಒಳಗಿನ ಬಿಳಿ ಕಾಣುತ್ತದೆ. ತೊಟ್ಟವನ ದುಡಿಮೆಯ ಗುರುತು ಬಟ್ಟೆಯಲ್ಲೇ ಉಳಿಯುತ್ತದೆ.

1960ರ ದಶಕದಲ್ಲಿ ಅಮೆರಿಕದ ಕಾಲೇಜು ಹುಡುಗರು, ವಿಯೆಟ್ನಾಂ ಯುದ್ಧಕ್ಕೆ ತಿರುಗಿಬಿದ್ದವರು, ಮನೆ ಬಿಟ್ಟು ಹೊರಟ ಹಿಪ್ಪಿಗಳು ಆ ಕೂಲಿಯವರ ಪ್ಯಾಂಟನ್ನು ಬೇಕೆಂದೇ ತೊಟ್ಟರು. ಮಂಡಿ ಹರಿದಾಗ ಹೊಸದು ಕೊಳ್ಳದೆ ತೇಪೆ ಹಾಕಿದರು. ತೇಪೆ ಎಂದ ಮೇಲೆ ಬಣ್ಣದ್ದೇ ಇರಲಿ ಎನಿಸಿತು, ಬಣ್ಣದ ತೇಪೆಯ ಅಂಚಿಗೆ ಹೂವಿನ ಹೊಲಿಗೆ ಬಂತು. ಅಳತೆ ಸಾಲದ ಪ್ಯಾಂಟಿನ ಕೆಳಭಾಗ ಬಿಚ್ಚಿ ನಡುವೆ ತ್ರಿಕೋನದ ಬಟ್ಟೆ ಸೇರಿಸಿದರು, ಅದು ಬೆಲ್‌ಬಾಟಮ್ಮಾಯಿತು. ಕಾರ್ಖಾನೆಯಿಂದ ಲಕ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ಬರುವ ಪ್ಯಾಂಟು ಸೂಜಿ ಆಡಿದ ಮೇಲೆ ಒಬ್ಬನೇ ಒಬ್ಬನದಾಗುತ್ತಿತ್ತು. ಅವರು ಕಲಿತದ್ದು ಹಲವು ಕಡೆಯಿಂದ: ಅಮೆರಿಕದ ಮೂಲನಿವಾಸಿಗಳ ಮಣಿಕೆಲಸ, ಮೆಕ್ಸಿಕೊದ ಹೂವಿನ ಕಸೂತಿ, ಆಫ್ಘಾನಿಸ್ತಾನದ ಕೋಟು. ಭಾರತದ ಕನ್ನಡಿ ಹೊಲಿಗೆ ಆ ಸಾಲಿನಲ್ಲಿ ಒಂದು. ಹಿಪ್ಪಿಗಳು ಭೂಮಾರ್ಗವಾಗಿ ಇಸ್ತಾಂಬುಲ್, ಕಾಬೂಲ್, ದೆಹಲಿ ದಾಟಿ ಕಠ್ಮಂಡುವಿಗೋ ಗೋವೆಗೋ ಬರುತ್ತಿದ್ದ ಕಾಲ ಅದು.

ಇನ್ನು ನಮ್ಮ ಕಡೆಯ ಬಟ್ಟೆಯ ವಿಚಾರ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಲಂಬಾಣಿಗರು, ಬಂಜಾರರು ಎಂದು ನಾವು ಕರೆಯುವ ಜನ ದಖ್ಖನಿಗೆ ಬಂದದ್ದು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು. ಮೊಗಲರ ಸೈನ್ಯ ದಕ್ಷಿಣಕ್ಕೆ ಇಳಿದಾಗ ಅದರ ಹಿಂದೆ ದವಸ ಹೊತ್ತು ನಡೆದವರು ಇವರು. ಭಂಗಿ, ಜಂಗಿ ಎಂಬ ನಾಯಕರ ಹೆಸರನ್ನು ಇಂದಿಗೂ ಹಿರಿಯರು ಎತ್ತುತ್ತಾರೆ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಸೈನ್ಯಕ್ಕೂ, 1803ರಲ್ಲಿ ಮರಾಠರ ಮೇಲೆ ಹೋದ ಅವರ ಸೇನಾಪತಿ ವೆಲ್ಲೆಸ್ಲಿಯ ಸೈನ್ಯಕ್ಕೂ ದವಸ ಮುಟ್ಟಿಸಿದವರಲ್ಲಿ ಬಂಜಾರರಿದ್ದರು. ಸಾವಿರಾರು ಎತ್ತುಗಳ ಸಾಲು, ಅದರ ಜೊತೆಗೆ ಹೆಂಗಸರು, ಮಕ್ಕಳು, ನಾಯಿಗಳು. ಮನೆ ಎಂಬುದೇ ಇಲ್ಲದವರ ಆಸ್ತಿ ಎಲ್ಲಿರಬೇಕು? ಮೈಮೇಲೆ. ಬೆಳ್ಳಿ ಕಿವಿಗೆ, ಕೂದಲಿಗೆ, ಕಾಲಿಗೆ ಹೋಯಿತು. ನಾಣ್ಯ ರವಿಕೆಗೆ ಹೊಲಿಗೆಯಾಯಿತು. ಕವಡೆ ಅಂಚಾಯಿತು.

ರೈಲು ಬಂದು ಆ ಬದುಕನ್ನು ಮುರಿಯಿತು. ಮುಂಬೈ ಕಡೆಯಿಂದ ಬಂದ ಹಳಿ ಗುಲಬರ್ಗಾ ಮೇಲಿಂದ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ತಿಂಗಳುಗಟ್ಟಲೆ ಎತ್ತು ನಡೆಸುತ್ತಿದ್ದ ದಾರಿ ದಿನದ ಮಾತಾಯಿತು. ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮುಂದೆ ಹಲವು ಸೀಮೆಗಳಲ್ಲಿ ಬಂಜಾರರ ಹೆಸರನ್ನೂ ಅದಕ್ಕೆ ಸೇರಿಸಿದರು. ಶತಮಾನಗಳ ಕಾಲ ರಾಜರುಗಳ ಸೈನ್ಯಕ್ಕೆ ಅನ್ನ ಮುಟ್ಟಿಸಿದವರನ್ನು ಕಳ್ಳರ ಪಟ್ಟಿಯಲ್ಲಿ ಬರೆದದ್ದು ನಮ್ಮ ಚರಿತ್ರೆಯ ದೊಡ್ಡ ಅನ್ಯಾಯಗಳಲ್ಲಿ ಒಂದು ಎಂದೇ ನಾನು ತಿಳಿದಿದ್ದೇನೆ. ಎತ್ತು ಮಾರಿದವರು ಗುಡ್ಡದ ಓರೆಯಲ್ಲಿ, ಊರಿನಿಂದ ದೂರದಲ್ಲಿ ತಾಂಡಾ ಕಟ್ಟಿಕೊಂಡು ನಿಂತರು. ಕಮಲಾಪುರ, ಚಿಂಚೋಳಿ, ಚಿತ್ತಾಪುರ ಕಡೆಯ ಇಷ್ಟೊಂದು ತಾಂಡಾಗಳ ಹಿಂದಿನ ಕಥೆ ಇದು. ನಡಿಗೆ ನಿಂತಿತು, ಬಟ್ಟೆ ಮಾತ್ರ ಬದಲಾಗಲಿಲ್ಲ.

ಆ ಬಟ್ಟೆಯನ್ನು ಹತ್ತಿರದಿಂದ ನೋಡಬೇಕು. ಸೊಂಟದಿಂದ ಕೆಳಗೆ ಫೇಟಿಯಾ, ನೆರಿಗೆನೆರಿಗೆಯ ಅಗಲ ಲಂಗ. ಮೇಲೆ ಕಾಂಚಳಿ; ಎದೆ, ತೋಳು ಪೂರ್ತಿ ಕಸೂತಿ, ಬೆನ್ನಿಗೆ ಬರೀ ಲಾಡಿ. ತಲೆಯ ಮೇಲೆ ಛಾಂಟಿಯಾ ಎಂಬ ಮುಸುಕು, ಹಣೆಗೆ ಬರುವ ಅಂಚಿನಲ್ಲಿ ಕನ್ನಡಿಯ ಪಟ್ಟಿ. ಕೆನ್ನೆಯ ಎರಡೂ ಬದಿ ಬೆಳ್ಳಿಯ ಘುಗ್ರಿ ತೂಗುತ್ತದೆ. ತೋಳಿಗೆ ಮೊದಲು ದಂತದ, ಮೂಳೆಯ ಬಳೆ, ಆಮೇಲೆ ಪ್ಲಾಸ್ಟಿಕ್ಕಿನವು. ಎಲ್ಲ ಸೇರಿ ಹಲವು ಕಿಲೋ ತೂಕ. ಅದನ್ನು ಹೊತ್ತೇ ಹೆಂಗಸರು ಕಳೆ ಕೀಳುತ್ತಿದ್ದರು, ಕಲ್ಲು ಒಡೆಯುತ್ತಿದ್ದರು, ನೀರು ಹೊರುತ್ತಿದ್ದರು. ಕೊಡದ ಕೆಳಗಿನ ಸಿಂಬಿಗೂ ಕವಡೆ ಹೊಲಿದಿರುತ್ತಿತ್ತು.

ತಳದ ಬಟ್ಟೆ ಹಿಂದೆ ಕೈಮಗ್ಗದ್ದು, ಮಂಜಿಷ್ಠದ ಕೆಂಪು ಇಲ್ಲವೇ ನೀಲಿಗಿಡದ ನೀಲಿ. ಜೀನ್ಸಿಗೆ ಬಣ್ಣ ಕೊಟ್ಟ ಅದೇ ನೀಲಿ, ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ 1897ರಲ್ಲಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ತರುವ ಮೊದಲು ಜಗತ್ತಿಗೆಲ್ಲ ಗಿಡದಿಂದ, ಅದರಲ್ಲೂ ಹೆಚ್ಚಾಗಿ ಭಾರತದಿಂದ, ಹೋಗುತ್ತಿತ್ತು. ಕನ್ನಡಿ ಬಿಲ್ಲೆಗಳಿಗೆ ಗುಜರಾತಿನ ಕಪಡವಂಜ ಹೆಸರುವಾಸಿ. ಅಲ್ಲಿ ಗಾಜನ್ನು ಊದಿ ತೆಳುವಾದ ಬುರುಡೆ ಮಾಡಿ, ಒಳಗೆ ಕಲಾಯಿ ಮಾಡಿ, ಒಡೆದು ಚೂರು ಮಾಡುತ್ತಿದ್ದರು. ಆ ಚೂರನ್ನು ಗುಂಡಗೆ ಕತ್ತರಿಸಿ, ಅಂಚಿನ ಸುತ್ತ ದಾರದ ಬಲೆ ಹೆಣೆದು ಬಟ್ಟೆಗೆ ಕಟ್ಟುತ್ತಾರೆ. ಕನ್ನಡಿಗೆ ತೂತಿಲ್ಲ, ಅಂಟಿಲ್ಲ. ಹೊಲಿಗೆಯೊಂದೇ ಅದನ್ನು ಹಿಡಿದಿಡುವುದು. ಕಾಡಿನ ದಾರಿಯಲ್ಲಿ ಅದರ ಥಳಕಿಗೆ ಮೃಗಗಳು ಹೆದರುತ್ತವೆ ಎಂಬ ನಂಬಿಕೆ ತಾಂಡಾದಲ್ಲಿ ಈಗಲೂ ಇದೆ.

ಹೊಲಿಗೆಗಳಿಗೆ ಹೆಸರುಗಳಿವೆ: ಕಿಲನ್, ವೇಲೆ, ಬಕ್ಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ದೋರಾ, ಕೌದಿ, ರೇಲೊ, ಗದ್ರಿ, ಭೂರಿಯಾ, ಪೋಟೆ, ಜೋಳ್ಯಾ, ನಾಕ್ರಾ. ಒಟ್ಟು 14. ಇವುಗಳಲ್ಲಿ ಕೌದಿ ಎಂಬುದನ್ನು ಉತ್ತರ ಕರ್ನಾಟಕದವರು ಕೂಡಲೇ ಗುರುತು ಹಿಡಿಯುತ್ತಾರೆ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಓಡುಹೊಲಿಗೆಯಲ್ಲಿ ಕೂಡಿಸಿದ ಹೊದಿಕೆ ನಮ್ಮ ಪ್ರತಿ ಮನೆಯಲ್ಲೂ ಇತ್ತು. ಹರಿದದ್ದನ್ನು ಎಸೆಯದೆ ಕೂಡಿಸಿ ಗಟ್ಟಿ ಮಾಡುವ ವಿದ್ಯೆ. 1970ರ ದಶಕದಲ್ಲಿ ಅಮೆರಿಕದ ಪತ್ರಿಕೆಗಳು ತೇಪೆ ಜೀನ್ಸನ್ನು ಹೊಸ ಶೋಧದಂತೆ ಹೊಗಳುತ್ತಿದ್ದಾಗ, ಗುಲಬರ್ಗಾ ಜಿಲ್ಲೆಯ ಹಟ್ಟಿ, ತಾಂಡಾ, ವಾಡೆಗಳಲ್ಲಿ ಮಕ್ಕಳು ತೇಪೆಯ ಕೌದಿ ಹೊದ್ದೇ ಮಲಗುತ್ತಿದ್ದರು.

ಈಗ 1972ಕ್ಕೆ ಬರೋಣ. ಆ ವರ್ಷ ಮಳೆ ಕೈಕೊಟ್ಟಿತು. ಮಹಾರಾಷ್ಟ್ರ, ಹೈದರಾಬಾದ ಕರ್ನಾಟಕ, ತೆಲಂಗಾಣ ಎಲ್ಲೆಡೆ ಭೀಕರ ಬರ. ಮರುವರ್ಷದವರೆಗೂ ಅದು ಎಳೆಯಿತು. ನಮ್ಮ ಹಿರಿಯರು ವಯಸ್ಸು ಹೇಳುವಾಗ ಇಂದಿಗೂ ಬರಗಾಲದ ಹಿಂದೆ, ಬರಗಾಲದ ಮುಂದೆ ಎನ್ನುತ್ತಾರೆ. ತಾಂಡಾದವರ ಹೊಲ ಮೊದಲೇ ಗುಡ್ಡದ ಕಲ್ಲುನೆಲ. ಗುಳೆ ಹೋಗುವುದೊಂದೇ ದಾರಿ. ಮುಂಬೈ, ಪುಣೆ, ಹೈದರಾಬಾದಿಗೆ ಗುಂಪುಗುಂಪಾಗಿ ಹೊರಟರು. ಬೆಳ್ಳಿ ಮೊದಲು ಮಾರಾಟವಾಯಿತು. ಅಮೆರಿಕದ ಹುಡುಗರು ಬಹುಮಾನಕ್ಕಾಗಿ ಜಾಕೆಟ್ಟಿಗೆ ಹೊಳೆಯುವ ಲೋಹ ಬಡಿಯುತ್ತಿದ್ದ ಆ ತಿಂಗಳುಗಳಲ್ಲಿ, ಇಲ್ಲಿ ತಾಯಂದಿರು ಜೋಳಕ್ಕಾಗಿ ಮೈಮೇಲಿನ ಲೋಹ ಬಿಚ್ಚಿದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಆ ದಶಕದ ಉಡುಪಿನ ಕಥೆ ಪೂರ್ತಿಯಾಗುವುದಿಲ್ಲ.

ಉತ್ತರ ಕರ್ನಾಟಕದ ಇತರ ಜಿಲ್ಲೆಗಳಿಂದ ಗುಳೆ ಗೋವೆಗೂ ಹರಿಯಿತು. 1961ರ ಡಿಸೆಂಬರಿನಲ್ಲಿ ಗೋವೆ ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ ಅಲ್ಲಿ ರಸ್ತೆ, ಸೇತುವೆ, ಕಟ್ಟಡದ ಕೆಲಸ ಜೋರಾಯಿತು. ಗದಗ, ಬಿಜಾಪುರ, ಕೊಪ್ಪಳದ ಕಡೆಯ ಲಂಬಾಣಿಗರು ಕಲ್ಲು ಮಣ್ಣು ಹೊರಲು ಹೋದರು. ಅದೇ ಹೊತ್ತಿಗೆ ಹಿಪ್ಪಿಗಳು ಕಡಲ ದಂಡೆಗೆ ಬಂದಿಳಿದಿದ್ದರು. 1970ರ ದಶಕದಲ್ಲಿ ಅಂಜುನಾ ದಂಡೆಯಲ್ಲಿ ಬುಧವಾರದ ಸಂತೆ ಶುರುವಾಯಿತು. ಮೊದಮೊದಲು ಅದು ಕೈಯಲ್ಲಿ ಕಾಸು ಮುಗಿದ ಹಿಪ್ಪಿಗಳು ತಮ್ಮ ಸಾಮಾನು ಮಾರಿಕೊಳ್ಳುವ, ಬದಲಿಸಿಕೊಳ್ಳುವ ಜಾಗ. ಕ್ಯಾಮೆರಾ, ಪುಸ್ತಕ, ಮಲಗುಚೀಲ, ಜೀನ್ಸು.

ಆಗ ಭಾರತದಲ್ಲಿ ವಿದೇಶಿ ಜೀನ್ಸು ಸುಲಭಕ್ಕೆ ಸಿಗುವ ವಸ್ತುವಾಗಿರಲಿಲ್ಲ. ಆಮದಿಗೆ ಕಟ್ಟುನಿಟ್ಟು. ಪರದೇಶಿಯೊಬ್ಬ ತೊಟ್ಟು ಸವೆಸಿದ ಜೀನ್ಸಿಗೆ ಮುಂಬೈ ಹುಡುಗರು ಒಳ್ಳೆಯ ಬೆಲೆ ಕೊಡುತ್ತಿದ್ದರು. ಹಿಪ್ಪಿಗಳ ಕಣ್ಣು ಇನ್ನೊಂದು ಕಡೆ ಇತ್ತು. ಲಂಬಾಣಿ ಹೆಂಗಸಿನ ಕನ್ನಡಿ ಬಟ್ಟೆ ಅವರಿಗೆ ಬೇಕು. ಹೀಗೆ ಒಂದೇ ಸಂತೆಯಲ್ಲಿ ಎರಡು ಬಟ್ಟೆ ಕೈ ಬದಲಿಸಿದವು. ಅಮೆರಿಕದ ಕೂಲಿಯವನ ಪ್ಯಾಂಟು ನಮ್ಮ ಹುಡುಗನಿಗೆ ಬಂತು. ನಮ್ಮ ಕೂಲಿಯವಳ ಲಂಗ ಅಲ್ಲಿಗೆ ಹೋಯಿತು.

ಹೋದದ್ದು ಇಡಿಯಾಗಿ ಅಲ್ಲ. ಅಜ್ಜಿ ಮದುವೆಯಲ್ಲಿ ತೊಟ್ಟಿದ್ದ ಫೇಟಿಯಾವನ್ನು ಬಿಚ್ಚಿ, ಸೊಂಟದ ಪಟ್ಟಿ ಬೇರೆ, ಅಂಚು ಬೇರೆ, ಕಾಂಚಳಿಯ ಎದೆಭಾಗ ಬೇರೆ ಮಾಡಿ ಮಾರಿದರು. ಇಡೀ ಲಂಗಕ್ಕೆ ಗಿರಾಕಿ ಕಡಿಮೆ, ತುಂಡಿಗೆ ಹೆಚ್ಚು. ತುಂಡು ಚೀಲವಾಯಿತು, ದಿಂಬಿನ ಗವುಸಾಯಿತು, ಬೆಲ್ಟಾಯಿತು, ಜಾಕೆಟ್ಟಿನ ಬೆನ್ನಿಗೂ ಜೀನ್ಸಿನ ಅಂಚಿಗೂ ತೇಪೆಯಾಯಿತು. ವರ್ಷಾನುಗಟ್ಟಲೆ ಕೂತು ಹೊಲಿದ ಕೆಲಸ ಒಂದು ಮಧ್ಯಾಹ್ನದಲ್ಲಿ ಕತ್ತರಿಗೆ ಸಿಕ್ಕಿತು. ಅದನ್ನು ಮಾರಿದ ಹೆಂಗಸರನ್ನು ದೂಷಿಸಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಮಕ್ಕಳ ಹೊಟ್ಟೆ ಕಾಯುತ್ತಿತ್ತು. ಕೊಂಡವರು ಹೊಲಿದವಳ ಹೆಸರು, ಊರು ಕೇಳಲಿಲ್ಲ ಎಂಬುದು ಮಾತ್ರ ನೋಯಿಸುತ್ತದೆ. ವಿದೇಶದ ಸಂಗ್ರಹಗಳಲ್ಲಿ ಅಂಥ ತುಂಡುಗಳು ಬಂಜಾರ ಎಂಬ ಒಂದೇ ಚೀಟಿಯಡಿ ಕುಳಿತಿವೆ. ಯಾವ ತಾಂಡಾ, ಯಾವ ಅಜ್ಜಿ ಎಂಬುದು ಕತ್ತರಿಯ ಜೊತೆಗೇ ಹೋಯಿತು.

ಸಂತೆ ಬೆಳೆದಂತೆ ಹೆಂಗಸರೇ ಅದರ ವ್ಯಾಪಾರಿಗಳಾದರು. ಇಂಗ್ಲಿಷು, ಕೊಂಕಣಿ, ಹಿಂದಿ ಕಲಿತರು, ಮಾರಾಟಕ್ಕೆಂದೇ ಹೊಸದಾಗಿ ಹೊಲಿಯತೊಡಗಿದರು. ಆಮೇಲೆ ಅವರಿಗೂ ಕಾಟ ಶುರುವಾಯಿತು. 2001ರಲ್ಲಿ ಗೋವಾ ಸರ್ಕಾರ ಪ್ರವಾಸಿ ತಾಣಗಳ ರಕ್ಷಣೆಯ ಕಾಯ್ದೆ ತಂದು ದಂಡೆಯಲ್ಲಿ ತಿರುಗಿ ಮಾರುವವರ ಮೇಲೆ ದಂಡ ಹಾಕಲು ದಾರಿ ಮಾಡಿತು. ಪ್ರವಾಸಿಗರು ಇವರ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು, ಪೋಲೀಸರು ಇವರ ಗಂಟು ಎತ್ತಿಕೊಂಡು ಹೋಗುತ್ತಿದ್ದರು.

ಇತ್ತ ಗುಲಬರ್ಗಾಕ್ಕೆ ಜೀನ್ಸಿನ ಗಾಳಿ ಬೀಸಿದ್ದು ಸಿನಿಮಾದಿಂದ. 1971ರ ‘ಹರೇ ರಾಮ ಹರೇ ಕೃಷ್ಣ’ ಹಿಪ್ಪಿ ವೇಷವನ್ನು ಊರೂರಿಗೆ ತೋರಿಸಿತು. 1975ರ ‘ಶೋಲೆ’ಯಂತೂ ನಮ್ಮ ರಾಮನಗರದ ಬಂಡೆಗಳ ನಡುವೆಯೇ ಚಿತ್ರೀಕರಣಗೊಂಡದ್ದು. ಅದರಲ್ಲಿ ಅಮಿತಾಭ್ ಬಚ್ಚನ್ ನೀಲಿ ಜೀನ್ಸು, ಅದೇ ಬಟ್ಟೆಯ ಜಾಕೆಟ್ ತೊಟ್ಟು ನಿಂತರೆ, ಡಕಾಯಿತರ ಅಡ್ಡೆಯಲ್ಲಿ ಹೆಲೆನ್ ಅಲೆಮಾರಿ ತಂಡದ ನರ್ತಕಿಯ ವೇಷದಲ್ಲಿ ಕುಣಿದರು. ಜೀನ್ಸು ನಾಯಕನ ಬಟ್ಟೆಯಾಗಿ ಬಂತು, ಅಲೆಮಾರಿಯ ಬಟ್ಟೆ ಕುಣಿತದ ವೇಷವಾಗಿ ಬಂತು. ಥಿಯೇಟರಿನಲ್ಲಿ ಸಿಳ್ಳೆ ಹೊಡೆದ ಹುಡುಗರು ಹೊರಬಂದು ದರ್ಜಿಯ ಮುಂದೆ ನಿಂತು ಕೇಳಿದ್ದು ಮೊದಲನೆಯದನ್ನು.

ಗುಲಬರ್ಗಾ ಬಟ್ಟೆಗೆ ಹೊಸ ಊರೇನಲ್ಲ. ಹೈದರಾಬಾದಿನ ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರಿನ ಮೆಹಬೂಬ್ ಶಾಹಿ ಮಿಲ್ಲು 19ನೇ ಶತಮಾನದ ಕೊನೆಯಲ್ಲೇ ಇಲ್ಲಿ ನೂಲು ತೆಗೆಯುತ್ತಿತ್ತು. ಎಂ.ಎಸ್.ಕೆ. ಮಿಲ್ ಎಂದೇ ಊರವರಿಗೆ ಅದು ಪರಿಚಿತ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಆ ಬಡಾವಣೆಯ ಹೆಸರು ಅದೇ. ಆದರೆ ಡೆನಿಮ್ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಅಹಮದಾಬಾದಿನ ಅರವಿಂದ್ ಮಿಲ್ಸ್ 1987ರ ಸುಮಾರಿಗೆ ನೇಯಲು ತೊಡಗಿದ ಮೇಲೆ. ಅದಕ್ಕೆ ಮೊದಲು ದಪ್ಪ ಹತ್ತಿಯ ಬಟ್ಟೆ ಯಾವುದೇ ಇರಲಿ, ಎರಡು ಸಾಲು ಹಳದಿ ದಾರದ ಹೊಲಿಗೆ ಬಿದ್ದರೆ ಅದು ಜೀನ್ಸು. ಬೆಲ್‌ಬಾಟಮ್ಮಿನ ಬಾಯಿ ಎಷ್ಟು ಅಗಲ ಇರಬೇಕೆಂಬುದೇ ದೊಡ್ಡ ಪೈಪೋಟಿ. ಅಂಚು ನೆಲಕ್ಕೆ ಉಜ್ಜಿ ಹರಿಯಬಾರದೆಂದು ಒಳಗಡೆ ಜಿಪ್ಪಿನ ಪಟ್ಟಿ ಹೊಲಿಸಿದವರಿದ್ದರು. ಬೆನ್ನ ಜೇಬಿಗೆ ಹದ್ದು, ಡ್ರ್ಯಾಗನ್, ಹೃದಯ. 1982ರ ‘ಡಿಸ್ಕೋ ಡ್ಯಾನ್ಸರ್’ ಬಂದ ಮೇಲೆ ಚಮಕಿ. ಪ್ಯಾಂಟಿಗೆ ಕನ್ನಡಿ ಬಿಲ್ಲೆ, ಚಮಕಿ ಹೊಲಿಸಿ ಸೂಪರ್ ಮಾರ್ಕೆಟ್ ಬೀದಿಯಲ್ಲಿ ತಿರುಗಿದರೆ ಅದು ಫ್ಯಾಷನ್. ಅದೇ ಬೀದಿಗೆ ದಿನಸಿ ಕೊಳ್ಳಲು ಬಂದ ಕಮಲಾಪುರ ಕಡೆಯ ಹೆಂಗಸು ಹುಟ್ಟಿದಂದಿನಿಂದ ತೊಟ್ಟದ್ದೂ ಅದೇ ಕನ್ನಡಿ.

ತಾಂಡಾದ ಹುಡುಗರ ಮೈಮೇಲೆ ಜೀನ್ಸು ಬಂದದ್ದು ಮುಂಬೈ ರೈಲಿನಲ್ಲಿ. ಕಟ್ಟಡ ಕೆಲಸಕ್ಕೆ ಹೋದವರು ಹಬ್ಬಕ್ಕೆ ಮರಳುವಾಗ ಕಲ್ಯಾಣದ ಹತ್ತಿರದ ಉಲ್ಲಾಸನಗರದಲ್ಲಿ ಹೊಲಿದ ಅಗ್ಗದ ಜೀನ್ಸು ತರುತ್ತಿದ್ದರು. 1995ರಲ್ಲಿ ಅರವಿಂದ್ ಮಿಲ್ಸಿನವರು ರಫ್ ಅಂಡ್ ಟಫ್ ಹೆಸರಿನಲ್ಲಿ ಇನ್ನೊಂದು ದಾರಿ ಹುಡುಕಿದರು. ಹೊಲಿಯದ ಬಟ್ಟೆ, ಜಿಪ್ಪು, ಗುಂಡಿ, ರಿವೆಟ್ಟು, ಲೇಬಲ್ಲು ಎಲ್ಲ ಒಂದೇ ಪೊಟ್ಟಣದಲ್ಲಿ ಇಟ್ಟು ಇನ್ನೂರು ರೂಪಾಯಿಯ ಒಳಗೆ ಮಾರಿದರು. ನಿಮ್ಮೂರಿನ ದರ್ಜಿಯ ಹತ್ತಿರ ಹೊಲಿಸಿಕೊಳ್ಳಿ ಎಂದರು. ರೆಡಿಮೇಡಿನ ಹೊಡೆತಕ್ಕೆ ಕಂಗೆಟ್ಟಿದ್ದ ಸಣ್ಣ ಊರುಗಳ ದರ್ಜಿಗಳಿಗೆ ಅದು ಕೆಲವು ವರ್ಷ ಕೆಲಸ ಕೊಟ್ಟಿತು.

ಅಷ್ಟರಲ್ಲಿ ಕರ್ನಾಟಕದಲ್ಲೇ ಜೀನ್ಸಿನ ಊರೊಂದು ಎದ್ದಿತ್ತು. ಅದು ಬಳ್ಳಾರಿ. ಅಲ್ಲಿ ಬ್ರಿಟಿಷರ ದಂಡಿನ ಕಾಲದಲ್ಲಿ ಸೈನಿಕರಿಗೆ ಸಮವಸ್ತ್ರ ಹೊಲಿಯುತ್ತಿದ್ದ ನಾಮದೇವ ಸಿಂಪಿ ಮೊದಲಾದ ಮನೆತನಗಳು ಖಾಕಿಯಿಂದ ಜೀನ್ಸಿಗೆ ಹೊರಳಿದವು. ಕತ್ತರಿಸುವುದು ಒಂದು ಮನೆ, ಹೊಲಿಯುವುದು ಇನ್ನೊಂದು, ಕಾಜಾ ಗುಂಡಿ ಮತ್ತೊಂದು, ಉಳಿದ ದಾರ ಕತ್ತರಿಸುವುದು ಹೆಂಗಸರ ಪಾಲು. ಆಮೇಲೆ ವಾಷಿಂಗ್ ಘಟಕಗಳು. ಅಲ್ಲಿ ಹೊಸ ಪ್ಯಾಂಟನ್ನು ಹಳತು ಮಾಡುವುದೇ ಕಸುಬು. ಕಲ್ಲಿನ ಜೊತೆ ಯಂತ್ರದಲ್ಲಿ ತಿರುವುತ್ತಾರೆ, ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸಿ ತೊಡೆಯ ಬಣ್ಣ ಇಳಿಸುತ್ತಾರೆ, ಮಂಡಿಯನ್ನು ಉಜ್ಜಿ ಹರಿಯುತ್ತಾರೆ. ಹಿಂದೆ ಐದು ವರ್ಷದ ದುಡಿಮೆ ಮೂಡಿಸುತ್ತಿದ್ದ ಗುರುತನ್ನು ಒಂದು ಮಧ್ಯಾಹ್ನ ಮೂಡಿಸುತ್ತದೆ. ಆ ಘಟಕಗಳ ನೀರು ಹರಿದು ಎಲ್ಲಿ ಸೇರುತ್ತದೆ ಎಂಬ ಜಗಳ ಬಳ್ಳಾರಿಯಲ್ಲಿ ಇನ್ನೂ ತೀರಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆಯೂ ಸಿಕ್ಕಿತು. ನನ್ನ ಮಟ್ಟಿಗೆ, ಕಳೆದ ಐವತ್ತು ವರ್ಷದ ಜೀನ್ಸಿನಲ್ಲಿ ಅತಿ ವಿಚಿತ್ರವಾದದ್ದು ಹಿಪ್ಪಿಗಳ ಹದ್ದು, ಹೂವು, ಕನ್ನಡಿ ಅಲ್ಲ. ಬಡವನ ಹರಿದ ಮಂಡಿಯನ್ನು ಯಂತ್ರದಲ್ಲಿ ತಯಾರಿಸಿ ಹೆಚ್ಚು ಬೆಲೆಗೆ ಮಾರುವ ಈ ಹರಿದ ಪ್ಯಾಂಟು.

ತಾಂಡಾದಲ್ಲಿ ಇಷ್ಟರಲ್ಲಿ ಬಟ್ಟೆ ಬದಲಾಗಿತ್ತು. ಶಾಲೆಗೆ ಹೋದ ಹುಡುಗಿಯರು ಫೇಟಿಯಾ ತೊಡಲಿಲ್ಲ. ನಗರದಲ್ಲಿ ಮನೆಕೆಲಸ, ಕಟ್ಟಡ ಕೆಲಸ ಸಿಗಬೇಕಾದರೆ, ಬಸ್ಸಿನಲ್ಲಿ ಯಾರೂ ದಿಟ್ಟಿಸಬಾರದೆಂದರೆ ಸೀರೆಯೇ ಸುಲಭ. ತಾಯಂದಿರ ತಲೆಮಾರು ಸೀರೆಗೆ ಬಂತು, ಅಜ್ಜಿಯರು ಮಾತ್ರ ಬಿಡಲಿಲ್ಲ. ಹೊಲಿಯುವ ಕೈಗಳೂ ಕಡಿಮೆಯಾದವು. ಈಗ ಕಮಲಾಪುರದ ತಾಂಡಾಗಳಲ್ಲಿ ಆ ಉಡುಪು ಒಟ್ಟಾಗಿ ಕಾಣುವುದು ದೀಪಾವಳಿಯ ಅಮಾವಾಸ್ಯೆಗೆ. ಹುಡುಗಿಯರು ದೀಪ ಹಿಡಿದು ಮನೆಮನೆಗೆ ಮೇರಾ ಎಂಬ ಹಾರೈಕೆ ಹೇಳಲು ಹೋಗುತ್ತಾರೆ. ಹೋಳಿಯ ಲೆಂಗಿ ಹಾಡಿಗೆ, ಮದುವೆಗೆ, ಫೆಬ್ರುವರಿ 15ರ ಸಂತ ಸೇವಾಲಾಲ್ ಜಯಂತಿಯ ಮೆರವಣಿಗೆಗೆ ಮತ್ತೆ ಪೆಟ್ಟಿಗೆಯಿಂದ ಹೊರಬರುತ್ತದೆ. ಬಹಳಷ್ಟು ಈಗ ಯಂತ್ರದ ಕಸೂತಿ, ಪ್ಲಾಸ್ಟಿಕ್ ಕನ್ನಡಿ. ಗಾಜಿನದಕ್ಕಿಂತ ಹಗುರ, ಆದರೆ ಬೇಗ ಮಂಕಾಗುತ್ತದೆ.

ಉಳಿಸುವ ಕೆಲಸವೂ ನಡೆದಿದೆ. ಸಂಡೂರಿನ ಕುಶಲ ಕಲಾ ಕೇಂದ್ರ ದಶಕಗಳಿಂದ ಲಂಬಾಣಿ ಹೆಂಗಸರಿಗೆ ಕೂಲಿ ಕೊಟ್ಟು ಇದೇ ಹೊಲಿಗೆಯನ್ನು ಹೊಸ ಉಡುಪುಗಳ ಮೇಲೆ ತಂದಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಪಿ.ಕೆ. ಖಂಡೋಬಾ ಅವರಂಥ ವಿದ್ವಾಂಸರು ಲಂಬಾಣಿಗರ ಬದುಕು, ಹಾಡು, ಆಚರಣೆಗಳ ಬಗ್ಗೆ ಬರೆದಿಟ್ಟಿದ್ದಾರೆ. 2023ರ ಜನವರಿ 19ರಂದು ನಮ್ಮ ಜಿಲ್ಲೆಯ ಮಳಖೇಡದಲ್ಲಿ ತಾಂಡಾದ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಸಿಕ್ಕಿತು. ಎತ್ತು ಬಿಟ್ಟು ನೆಲಕ್ಕೆ ನಿಂತ ಎಷ್ಟೋ ಕಾಲದ ಮೇಲೆ.

ಅದೇ ವರ್ಷದ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಮಿತ್ರ ಯೋಜನೆಯ ಜವಳಿ ಪಾರ್ಕುಗಳನ್ನು ಘೋಷಿಸಿತು. ಕರ್ನಾಟಕದ ಪಾಲಿನದು ಕಲಬುರಗಿಗೆ ಬಂತು, 1,000 ಎಕರೆಯಲ್ಲಿ. ನೂಲು, ನೇಯ್ಗೆ, ಬಣ್ಣ, ಸಿದ್ಧ ಉಡುಪು ಎಲ್ಲ ಒಂದೇ ಕಡೆ ಆಗಬೇಕೆಂಬುದು ಉದ್ದೇಶ. ಗುಳೆ ಹೋಗುವ ತಾಂಡಾದ ಹುಡುಗಿಯರಿಗೆ ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೆಲಸ ಸಿಗಲಿ ಎಂದು ನಾನೂ ಹಾರೈಸುತ್ತೇನೆ. ಆದರೆ ಆ ಹುಡುಗಿಯರ ಮನೆಯಲ್ಲಿ, ಹದಿನಾಲ್ಕು ಬಗೆಯ ಹೊಲಿಗೆ ಬಲ್ಲ ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಯೋಜನೆ ರೂಪಿಸುವವರು ಅವರನ್ನು ಕುಶಲಕರ್ಮಿಗಳೆಂದು ಎಣಿಸಬೇಕು, ಅವರ ಕೈಕೆಳಗೆ ಹುಡುಗಿಯರನ್ನು ಕೂರಿಸಬೇಕು, ಅದಕ್ಕೆ ಸಂಬಳ ಕೊಡಬೇಕು. ಸಂಬಳದ ಜೊತೆಗೆ ಹೆಸರೂ ಬೇಕು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಇದೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೂ ಸಿಕ್ಕಿತು. ಸಂಡೂರಿನ ಸೂಚಕ ಸಂಡೂರಿನ ಹೆಸರಿಗೆ ಸೇರಿದ್ದು. ಕಮಲಾಪುರದ ತಾಂಡಾದಲ್ಲಿ ಅದೇ ಕನ್ನಡಿಯನ್ನು ಅದೇ ದಾರದ ಬಲೆಯಲ್ಲಿ ಕಟ್ಟುವ ಹೆಂಗಸಿನ ಕೆಲಸಕ್ಕೆ ಇನ್ನೂ ಊರಿನ ಹೆಸರಿನ ಚೀಟಿಯಿಲ್ಲ.